ಕಾಡುಬೆಕ್ಕುಗಳ ಕಥೆ: ಮಕ್ಕಳು ಓದಲಿ, ನಾವೂ ಓದೋಣ

ಬೆಕ್ಕು ಅಡ್ಡ ಬಂತೆಂದು ಹೊರಟ ದಾರಿಯಲ್ಲೇ ಒಂದು ಗಳಿಗೆ ನಿಲ್ಲುವವರು ನಮ್ಮ ಕ್ರೈಸ್ತ ಮನೆಗಳಲ್ಲೂ ಇಲ್ಲದಿಲ್ಲ. ಇಲ್ಲವೆಂದು ಯಾರಾದರೂ ಹೇಳಿದರೆ ನಾನಂತೂ ನಂಬಲಾರೆ. ಅಂಥ ಮನೆಗಳಲ್ಲೇ ಕೆಲವು ಮಕ್ಕಳು ಬೆಕ್ಕುಗಳ ಕಥೆಯ ದಪ್ಪ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡು, ಊಟಕ್ಕೆ ಕರೆದರೂ ಏಳದೆ ಕುಳಿತಿರುತ್ತಾರೆ. 'ವಾರಿಯರ್ಸ್' ಎಂಬ ಮಾಲೆ ಅದು. "ಫಾದರ್, ಅದರಲ್ಲಿ ಸತ್ತ ಬೆಕ್ಕುಗಳು ಕನಸಿನಲ್ಲಿ ಬಂದು ಮಾತನಾಡುತ್ತವಂತೆ, ಓದಲಿಕ್ಕೆ ಬಿಡಬಹುದಾ?" ಎಂದು ತಾಯಂದಿರು ಕೇಳುತ್ತಾರೆ. "ಬರೀ ಕಚ್ಚಾಟ, ರಕ್ತ" ಎಂಬುದು ತಂದೆಯಂದಿರ ದೂರು. ಇಬ್ಬರಲ್ಲೂ ಪುಸ್ತಕ ತೆರೆದು ನೋಡಿದವರು ಕಡಿಮೆ. ಹಾಗಾಗಿ ಓದಿದವನಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲ ಪುಸ್ತಕ 'ಇನ್‌ಟು ದ ವೈಲ್ಡ್' ಪ್ರಕಟವಾದದ್ದು 2003ರಲ್ಲಿ. 2004ರ ಹೊತ್ತಿಗೆ ಆರು ಪುಸ್ತಕಗಳ ಮೊದಲ ಮಾಲೆ ಮುಗಿಯಿತು. ಆಮೇಲೆ ಆರಾರು ಪುಸ್ತಕಗಳ ಮಾಲೆಗಳು ಒಂದರ ಹಿಂದೊಂದು ಬರುತ್ತಲೇ ಇವೆ. ಮುಖಪುಟದ ಮೇಲಿರುವ ಲೇಖಕಿಯ ಹೆಸರು ಎರಿನ್ ಹಂಟರ್. ಆದರೆ ಆ ಹೆಸರಿನ ಹೆಂಗಸು ಎಲ್ಲೂ ಇಲ್ಲ! ಇಂಗ್ಲೆಂಡಿನ ವಿಕ್ಟೋರಿಯಾ ಹೋಮ್ಸ್ ಕಥೆಯ ಹಂದರ ಹೆಣೆದು ತಿದ್ದುವುದು, ಕೇಟ್ ಕ್ಯಾರಿ, ಚೆರಿತ್ ಬಾಲ್ಡ್ರಿ ಮೊದಲಾದವರು ಬರೆಯುವುದು, ಹೀಗೆ ಒಂದು ಗುಂಪೇ ಸೇರಿ ಕಟ್ಟಿದ ಕಥೆಯಿದು. ಕಾಡು ದಕ್ಷಿಣ ಇಂಗ್ಲೆಂಡಿನದು. ನಮ್ಮ ಹಲಸು, ಗೇರು, ರಬ್ಬರ್ ಅಲ್ಲಿಲ್ಲ. ಓಕ್ ಮರ, ಜರಿಗಿಡ, ಹಿಮ ಬೀಳುವ ಚಳಿಗಾಲ.

ಆ ಕಾಡಿನಲ್ಲಿ ಬೆಕ್ಕುಗಳು ನಾಲ್ಕು 'ಕ್ಲಾನ್'ಗಳಾಗಿ ಬಾಳುತ್ತವೆ: ಗುಡುಗು, ಹೊಳೆ, ಗಾಳಿ, ನೆರಳು. ಕ್ಲಾನ್ ಎಂಬುದಕ್ಕೆ ನಾನು 'ಬಳಗ' ಎನ್ನುತ್ತೇನೆ. 'ಕುಲ' ಎನ್ನಬಹುದಿತ್ತು, ಆದರೆ ಆ ಮಾತು ನಮ್ಮ ಬಾಯಲ್ಲಿ ಬಂದರೆ ಬೇರೆಯೇ ವಾಸನೆ ಹೊಡೆಯುತ್ತದೆ. (ಆ ವಾಸನೆ ಈ ಕಥೆಯಲ್ಲೂ ಇದೆ, ಮುಂದೆ ಹೇಳುತ್ತೇನೆ.) ಒಂದೊಂದು ಬಳಗಕ್ಕೂ ಗಡಿ ಉಂಟು. ಗಡಿ ದಾಟಿ ಬೇಟೆಯಾಡಿದರೆ ಜಗಳ. ಹುಣ್ಣಿಮೆಯ ರಾತ್ರಿ ಮಾತ್ರ ನಾಲ್ಕೂ ಬಳಗ ನಾಲ್ಕು ದೊಡ್ಡ ಓಕ್ ಮರಗಳ ಕೆಳಗೆ ಸೇರುತ್ತವೆ, ಆ ರಾತ್ರಿ ಯಾರೂ ಯಾರ ಮೇಲೂ ಉಗುರು ಎತ್ತುವಂತಿಲ್ಲ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬುದು ನಮ್ಮ ಗಾದೆ. ಇಲ್ಲಿ ಕಥಾನಾಯಕನೇ ಗಂಟೆ ಕಟ್ಟಿಸಿಕೊಂಡ ಬೆಕ್ಕು. ರಸ್ಟಿ ಎಂಬ ಮನೆಬೆಕ್ಕು ಬೇಲಿ ಹಾರಿ ಕಾಡಿಗೆ ಬರುತ್ತದೆ. ಗುಡುಗು ಬಳಗದ ನಾಯಕಿ ಬ್ಲೂಸ್ಟಾರ್ ಅದನ್ನು ಸೇರಿಸಿಕೊಳ್ಳಲು ಒಪ್ಪಿದರೆ, ಉಳಿದವು ಕುತ್ತಿಗೆಯ ಪಟ್ಟಿ ನೋಡಿ ಗೇಲಿ ಮಾಡುತ್ತವೆ. ಒಂದು ಬೆಕ್ಕು ಮೇಲೆ ಬಿದ್ದು ಜಗಳವಾಡುವಾಗ ಪಟ್ಟಿ ಹರಿದು ಬೀಳುತ್ತದೆ. ಅಲ್ಲಿಯೇ ಅದಕ್ಕೆ ಹೊಸ ಹೆಸರು. ಮೊದಲು ಫೈರ್‌ಪಾ, ಯೋಧನಾದ ಮೇಲೆ ಫೈರ್‌ಹಾರ್ಟ್, ನಾಯಕನಾದ ಮೇಲೆ ಫೈರ್‌ಸ್ಟಾರ್. ಮರಿ, ಶಿಷ್ಯ, ಯೋಧ, ನಾಯಕ ಎಂದು ಸ್ಥಾನ ಬದಲಾದಂತೆ ಹೆಸರಿನ ಬಾಲವೂ ಬದಲಾಗುತ್ತದೆ. ಶಿಷ್ಯನಾದ ದಿನ ಇಡೀ ಬಳಗದ ಮುಂದೆ ಅದಕ್ಕೊಬ್ಬ ಗುರುವನ್ನು ಗೊತ್ತುಮಾಡುತ್ತಾರೆ. ದೃಢೀಕರಣ ಸಂಸ್ಕಾರಕ್ಕೆ ತಯಾರಾಗುತ್ತಿರುವ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

ಬಳಗಗಳಿಗೆ ಒಂದು ಕಟ್ಟಳೆಯೂ ಇದೆ. ಬೇಟೆ ತಂದಾಗ ಮುದುಕರು, ಮರಿ ಹಾಕಿದ ತಾಯಂದಿರು, ಮರಿಗಳು ಮೊದಲು ತಿನ್ನಬೇಕು. ಬೇಟೆಯಾಡಿದ ಯೋಧರದು ಆಮೇಲೆ. ತಿನ್ನಲಿಕ್ಕಲ್ಲದೆ ಕೊಲ್ಲಬಾರದು. ಅಪಾಯದಲ್ಲಿರುವ ಮರಿ ಬೇರೆ ಬಳಗದ್ದಾದರೂ ಬಿಟ್ಟು ಹೋಗಬಾರದು. ಮನೆಯ ಹಿರಿಯರ ತಟ್ಟೆಗೆ ಕೊನೆಗೆ ಉಳಿದದ್ದನ್ನು ಬಡಿಸುವ ಮನೆಗಳನ್ನೂ ಕಂಡಿರುವುದರಿಂದ ಇದನ್ನು ಬರೆದೆ.

ಈಗ ನಾನು ಮೊದಲೇ ಸೂಚಿಸಿದ ವಿಷಯ. ಫೈರ್‌ಹಾರ್ಟನ ಗೆಳೆಯ ಗ್ರೇಸ್ಟ್ರೈಪ್ ಹೊಳೆ ಬಳಗದ ಸಿಲ್ವರ್‌ಸ್ಟ್ರೀಮ್ ಎಂಬಾಕೆಯನ್ನು ಪ್ರೀತಿಸುತ್ತಾನೆ. ಕಟ್ಟಳೆಯ ಪ್ರಕಾರ ಇದು ತಪ್ಪು. ಕದ್ದು ಭೇಟಿಯಾಗುತ್ತಾರೆ. ಆಕೆ ಎರಡು ಮರಿ ಹಾಕಿ ಹೆರಿಗೆಯಲ್ಲೇ ಸಾಯುತ್ತಾಳೆ. ಮರಿಗಳು ಯಾವ ಬಳಗಕ್ಕೆ ಸೇರಬೇಕೆಂದು ಜಗಳವೆದ್ದಾಗ, ಗ್ರೇಸ್ಟ್ರೈಪ್ ತಾನೇ ಅವುಗಳನ್ನು ಕರೆದುಕೊಂಡು ಹೊಳೆಯಾಚೆ ಹೋಗುತ್ತಾನೆ. ಹುಟ್ಟಿದ ಬಳಗ, ಜೀವದ ಗೆಳೆಯ ಎರಡನ್ನೂ ಬಿಟ್ಟು.

ಆರನೆಯ ಪುಸ್ತಕ 'ದ ಡಾರ್ಕೆಸ್ಟ್ ಅವರ್' ಬರುವಾಗ ಆ ಮರಿಗಳು ಬೆಳೆದು ಶಿಷ್ಯರಾಗಿವೆ. ಅಷ್ಟರಲ್ಲಿ ಟೈಗರ್‌ಸ್ಟಾರ್ ಎಂಬ ದುಷ್ಟ ನಾಯಕ ಹೊಳೆ ಬಳಗವನ್ನೂ ತನ್ನ ಕೈಗೆ ತೆಗೆದುಕೊಂಡು, ಹಸಿವು, ಕಷ್ಟಗಳಿಗೆಲ್ಲ ಬೆರಕೆ ರಕ್ತವೇ ಕಾರಣ ಎಂದು ಸಾರುತ್ತಾನೆ. ಎರಡು ಬಳಗಗಳಿಗೆ ಹುಟ್ಟಿದವರನ್ನು ಬಂಧಿಸಿ ಹಸಿವಿನಲ್ಲಿ ಕೆಡವುತ್ತಾನೆ. ಸ್ಟೋನ್‌ಫರ್ ಎಂಬ ಹಿರಿಯ ಯೋಧನೂ ಅಂಥವನೇ. ಎಲ್ಲರ ಮುಂದೆ ಅವನನ್ನು ನಿಲ್ಲಿಸಿ ಟೈಗರ್‌ಸ್ಟಾರ್ ಹೇಳುತ್ತಾನೆ: ಆ ಎರಡು ಬೆರಕೆ ಮರಿಗಳನ್ನು ನೀನೇ ಕೊಲ್ಲು, ನಿನ್ನ ಜೀವ ಉಳಿಯುತ್ತದೆ. ಸ್ಟೋನ್‌ಫರ್ ಒಪ್ಪುವುದಿಲ್ಲ. ಎದ್ದು ನಿಲ್ಲಲು ತ್ರಾಣವಿಲ್ಲದಿದ್ದರೂ ಮರಿಗಳಿಗೆ ಅಡ್ಡ ನಿಂತು ಹೋರಾಡಿ ಸಾಯುತ್ತಾನೆ. ಅವನ ನಾಯಕಿ ಲೆಪರ್ಡ್‌ಸ್ಟಾರ್ ಅಲ್ಲೇ ಕುಳಿತು ನೋಡುತ್ತಾಳೆ. ತಡೆಯುವುದಿಲ್ಲ.

ಹನ್ನೊಂದು, ಹನ್ನೆರಡು ವರ್ಷದ ಮಗು ಈ ಪುಟಗಳನ್ನು ಓದಿ ಅತ್ತರೆ ಅಳಲಿ ಬಿಡಿ. ಅದಕ್ಕೆ ನ್ಯಾಯ ಅನ್ಯಾಯ ತಿಳಿಯುತ್ತಿದೆ. ಕಷ್ಟವಿರುವುದು ಆಮೇಲೆ. ಇದೇ ಮಗು ನಾಳೆ ಮನೆಯಲ್ಲಿ ಅಕ್ಕನ ಮದುವೆಯ ಮಾತು ನಡೆಯುವಾಗ ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುತ್ತದೆ: ಹುಡುಗ ಒಳ್ಳೆಯವನು, ಪ್ರತಿ ಭಾನುವಾರ ಬಲಿಪೂಜೆಗೆ ಬರುತ್ತಾನೆ, ಕೆಲಸವೂ ಇದೆ, ಆದರೆ ಅವರು ಮೂಲತಃ ಯಾರು? ಒಂದೇ ಪೀಠದಿಂದ ಪ್ರಸಾದ ಸ್ವೀಕರಿಸಿ ಮನೆಗೆ ಬಂದು ಕೇಳುವ ಪ್ರಶ್ನೆ ಇದು. ಆಗ ಮಗು ನಮ್ಮನ್ನು ಯಾವ ಬೆಕ್ಕಿನ ಜೊತೆ ಕೂರಿಸುತ್ತದೋ! ಟೈಗರ್‌ಸ್ಟಾರ್ ಜೊತೆ ಅಲ್ಲದಿರಬಹುದು. ತಡೆಯದೆ ಕುಳಿತ ಲೆಪರ್ಡ್‌ಸ್ಟಾರ್ ಪಕ್ಕದಲ್ಲಿ ನಮಗೆ ಜಾಗ ಖಂಡಿತ ಇದೆ.

ಇನ್ನು ತಾಯಂದಿರ ಪ್ರಶ್ನೆ. ಸತ್ತ ಬೆಕ್ಕುಗಳು 'ಸ್ಟಾರ್‌ಕ್ಲಾನ್' ಎಂಬ ನಕ್ಷತ್ರ ಬಳಗವಾಗಿ ಆಕಾಶದಿಂದ ನೋಡುತ್ತವೆ, ಕನಸಿನಲ್ಲಿ ಮುಂದಾಗುವುದನ್ನು ಸೂಚಿಸುತ್ತವೆ, ನಾಯಕನಿಗೆ ಒಂಬತ್ತು ಜೀವ ಕೊಡುತ್ತವೆ. ಸೃಷ್ಟಿಕರ್ತನ ಮಾತು ಕಥೆಯಲ್ಲಿಲ್ಲ. ನಾವು ಸಂತರನ್ನು ನಮಗಾಗಿ ಪ್ರಾರ್ಥಿಸಿರೆಂದು ಬೇಡುತ್ತೇವೆ, ಆದರೆ ಸತ್ತವರನ್ನು ಕರೆಸಿ ಭವಿಷ್ಯ ಕೇಳುವುದಿಲ್ಲ. ಸೌಲ ಅರಸನು ಮಾಟಗಾತಿಯ ಬಳಿಗೆ ಹೋಗಿ ಸಮುವೇಲನನ್ನು ಕರೆಸಿದ ಪ್ರಸಂಗವನ್ನು ಬೈಬಲಿನಿಂದ ತೆಗೆದು ಓದಿ, ವ್ಯತ್ಯಾಸವನ್ನು ಮಕ್ಕಳಿಗೆ ಹೇಳಿಕೊಡಿ. ಕಥೆಯಲ್ಲಿ ಪ್ರಾಣಿ ಮಾತನಾಡಿತೆಂದು ಗಾಬರಿಯಾಗುವುದು ಬೇಡ. ಬಿಳಾಮನ ಕತ್ತೆಯೂ ಮಾತನಾಡಿತ್ತು. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಇದೇನು ಹೊಸದು? ಆದರೆ ನಮ್ಮ ಹುಲಿ ಪಶ್ಚಾತ್ತಾಪಪಟ್ಟು ಪ್ರಾಣ ಬಿಟ್ಟಿತು. ಟೈಗರ್‌ಸ್ಟಾರ್ ಒಂದೇ ಏಟಿಗೆ ಒಂಬತ್ತು ಜೀವ ಕಳೆದುಕೊಂಡು ಸಾಯುವಾಗಲೂ ಬದಲಾಗುವುದಿಲ್ಲ.

ನಂಬಿಕೆಯ ವಿಷಯದಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೆ. ಆಪ್ತ ಯೋಧನೇ ದ್ರೋಹ ಬಗೆದ ಮೇಲೆ ಬ್ಲೂಸ್ಟಾರ್ ನಕ್ಷತ್ರ ಬಳಗದ ಮೇಲೆ ಸಿಟ್ಟಾಗಿ, ಯಾರನ್ನೂ ನಂಬದ ಸ್ಥಿತಿಗೆ ಬರುತ್ತಾಳೆ. ನಾಯಿಗಳ ಹಿಂಡು ಒಂದು ಶಿಷ್ಯೆಯ ಅರ್ಧ ಮುಖವನ್ನೇ ಹರಿದು ಹಾಕಿದಾಗ, ಆ ಸಿಟ್ಟಿನಲ್ಲೇ ಅವಳಿಗೆ 'ಲಾಸ್ಟ್‌ಫೇಸ್', ಅಂದರೆ ಮುಖ ಕಳೆದುಕೊಂಡವಳು, ಎಂದು ಹೆಸರಿಡುತ್ತಾಳೆ. ಅವಳ ಪಕ್ಕ ಬಿಡದೆ ಕೂತು ಆರೈಕೆ ಮಾಡಿದವನು ಕ್ಲೌಡ್‌ಟೈಲ್. ತಮಾಷೆಯೆಂದರೆ, ನಕ್ಷತ್ರ ಬಳಗವೇ ಸುಳ್ಳು ಎನ್ನುವವನು ಅವನು! ಫೈರ್‌ಸ್ಟಾರ್ ನಾಯಕನಾದ ಮೇಲೆ ಆ ಹೆಸರು ಅಳಿಸಿ 'ಬ್ರೈಟ್‌ಹಾರ್ಟ್' ಎಂದಿಡುತ್ತಾನೆ. ಮಕ್ಕಳನ್ನು 'ದಡ್ಡ', 'ಕುಂಟ', 'ಕರಿಯ' ಎಂದೇ ಕರೆಯುವ ಊರುಗಳಲ್ಲಿ ಈ ಪುಟ ಎರಡು ಸಲ ಓದುವಂಥದ್ದು.

ಕುಂದುಗಳಿಲ್ಲವೆಂದಲ್ಲ. ಕಾಳಗದ ವರ್ಣನೆ ಅತಿಯಾಯಿತು. ಐದನೆಯ ಪುಸ್ತಕದ ನಾಯಿಗಳ ಭಾಗವನ್ನು ಚಿಕ್ಕ ಮಕ್ಕಳು ಒಬ್ಬರೇ ರಾತ್ರಿ ಓದುವುದು ಬೇಡ. ಪಾತ್ರಗಳೋ ಸಂತೆಯಷ್ಟು, ಮೊದಲ ಪುಟಗಳ ಹೆಸರುಪಟ್ಟಿಯನ್ನು ನಾನೇ ಮತ್ತೆ ಮತ್ತೆ ತಿರುವಿದ್ದೇನೆ. ಮುಂದಿನ ಮಾಲೆಗಳಲ್ಲಿ ಭವಿಷ್ಯವಾಣಿಗಳ ಕಾಟ ಹೆಚ್ಚುತ್ತದೆ. ಮೊದಲ ಆರು ಸಾಕು. ಇನ್ನೂ ಬೇಕೆನ್ನುವವರು 2005ರಲ್ಲಿ ಶುರುವಾದ ಎರಡನೆಯ ಮಾಲೆ ಓದಲಿ. ಮನುಷ್ಯರು ರಸ್ತೆ ಮಾಡಲು ಕಾಡನ್ನೇ ಕಡಿದಾಗ ನಾಲ್ಕೂ ಬಳಗ ಗಡಿ ಮರೆತು, ಮುದುಕರನ್ನೂ ಮರಿಗಳನ್ನೂ ಕರೆದುಕೊಂಡು ಹೊಸ ನೆಲೆ ಹುಡುಕುತ್ತಾ ಬೆಟ್ಟ ದಾಟುವ ಕಥೆ ಅದರಲ್ಲಿದೆ.

ಪುಸ್ತಕ ಕೈಗೆ ಬಂದಾಗ ಮುಂಭಾಗದ ನಕ್ಷೆಗಳನ್ನು ಮಕ್ಕಳ ಜೊತೆ ಕೂತು ನೋಡಿ. ಒಂದೇ ನೆಲಕ್ಕೆ ಎರಡು ನಕ್ಷೆಗಳಿವೆ, ಒಂದು ಬೆಕ್ಕುಗಳದು, ಇನ್ನೊಂದು ಮನುಷ್ಯರದು. ಬೆಕ್ಕುಗಳ ಪರಮಪವಿತ್ರ ಗುಹೆಯ ಜಾಗ ಮನುಷ್ಯರ ನಕ್ಷೆಯಲ್ಲಿ ಬಳಕೆ ತಪ್ಪಿದ ಗಣಿ. 1956ರಿಂದ ಕೇರಳದಲ್ಲಿರುವ ನಮ್ಮ ಕಾಸರಗೋಡಿನ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಜ್ಜಿಯ ಬಾಯಲ್ಲಿ ಮಂಜೇಶ್ವರ, ಕುಂಬಳೆ ಎಂದು ಕೇಳಿ, ಬಸ್ಸಿನ ಫಲಕದಲ್ಲಿ ಮಂಜೇಶ್ವರಂ, ಕುಂಬ್ಲ ಎಂದು ಓದುತ್ತಾ ದಿನವೂ ಶಾಲೆಗೆ ಹೋಗುವವರು ಅವರು.