ದೇಶ ಒಡೆದಾಗ ತಂಡಕ್ಕೇನಾಯಿತು?

1979ರ ಏಪ್ರಿಲ್ 5ರಂದು ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ ನಡೆದ ಯುರೋಪಿಯನ್ ಚಾಂಪಿಯನ್ಸ್ ಕಪ್ ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಸರಾಯೆವೊ ನಗರದ ‘ಬೋಸ್ನಾ’ ತಂಡ ಇಟಲಿಯ ವರೇಸೆ ತಂಡವನ್ನು 96–93ರಿಂದ ಸೋಲಿಸಿತು. ವರೇಸೆ ಸಾಮಾನ್ಯ ತಂಡವೇನೂ ಆಗಿರಲಿಲ್ಲ. 1970ರಿಂದ ಮೊದಲ್ಗೊಂಡು ಅದು ಆಡುತ್ತಿದ್ದ ಸತತ ಹತ್ತನೆಯ ಫೈನಲ್ ಅದು. ಐದು ಬಾರಿ ಕಪ್ ಗೆದ್ದಿತ್ತು. ಬೋಸ್ನಾ ಏಳು ವರ್ಷಗಳ ಹಿಂದಿನವರೆಗೂ ಯೂಗೊಸ್ಲಾವಿಯಾದ ಎರಡನೆಯ ದರ್ಜೆಯ ಲೀಗ್‌ನಲ್ಲಿದ್ದ ವಿದ್ಯಾರ್ಥಿಗಳ ತಂಡ. ಯೂಗೊಸ್ಲಾವಿಯಾದ ಯಾವ ಕ್ಲಬ್ಬೂ ಅದುವರೆಗೆ ಈ ಕಪ್ಪನ್ನು ಎತ್ತಿರಲಿಲ್ಲ.

ಈ ಗೆಲುವಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಒಂದೇ ಧಾಟಿಯಲ್ಲಿ ಬರೆಯುತ್ತಾರೆ. ಮುಸ್ಲಿಮರು, ಸರ್ಬರು, ಕ್ರೊಯೇಷಿಯನ್ನರು, ಮೊಂಟೆನೆಗ್ರೊದವರು ಒಟ್ಟಿಗೆ ಆಡಿ ಗೆದ್ದರು. ‘ಭ್ರಾತೃತ್ವ ಮತ್ತು ಏಕತೆ’ ಎಂಬ ಟಿಟೊ ಕಾಲದ ಘೋಷಣೆ ಅಂಗಳದಲ್ಲಿ ನಿಜವಾಯಿತು. ಆಮೇಲೆ ಯುದ್ಧ ಬಂದು ಎಲ್ಲವೂ ಹಾಳಾಯಿತು. ಕೇಳಲು ಹಿತವಾದ ಕಥೆ. ಆದರೆ ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ಘೋಷಣೆಗಳಿಂದ ಯಾರೂ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟುವುದಿಲ್ಲ. ಬೋಸ್ನಾವನ್ನು ಕಟ್ಟಿದ್ದು ಬೇರೆಯದೇ ಒಂದು ಸಂಗತಿ: ಒಂದು ಊರಿನ ಹುಡುಗ ಇನ್ನೊಂದು ಊರಿಗೆ, ಒಂದು ಗಣರಾಜ್ಯದ ಆಟಗಾರ ಮತ್ತೊಂದಕ್ಕೆ ಯಾರ ಅಪ್ಪಣೆಯನ್ನೂ ಕೇಳದೆ ಹೋಗಿ ನೆಲೆಸಬಹುದಾಗಿದ್ದ ಒಂದು ವಿಶಾಲ ಭೂಪ್ರದೇಶ. ಆ ಓಡಾಟ ನಿಂತ ದಿನವೇ ಬೋಸ್ನಾದ ಭವಿಷ್ಯವೂ ನಿಂತಿತು ಎಂಬುದು ನನ್ನ ತಿಳಿವಳಿಕೆ.

ಕ್ಲಬ್ ಹುಟ್ಟಿದ್ದು 1951ರಲ್ಲಿ, ಸರಾಯೆವೊ ವಿಶ್ವವಿದ್ಯಾಲಯದ ಕ್ರೀಡಾ ಸಂಘದ ಒಂದು ಶಾಖೆಯಾಗಿ. ಹೆಸರು ನಗರದ ಅಂಚಿನಲ್ಲಿ ಹುಟ್ಟಿ ಹರಿಯುವ ನದಿಯದು. ಆ ನಾಡಿನ ಹೆಸರೂ ಅದೇ. ಮುಂದಿನ ಇಪ್ಪತ್ತು ವರ್ಷ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ಬ್ಯಾಸ್ಕೆಟ್‌ಬಾಲ್ ಎಂದರೆ ಆಗ ಬೆಲ್‌ಗ್ರೇಡ್, ಜಾಗ್ರೆಬ್, ಲುಬ್ಲಿಯಾನಾ. ಸರಾಯೆವೊದಲ್ಲಿ ಪ್ರತಿಭೆ ಇರಲಿಲ್ಲವೆಂದಲ್ಲ. ಇದ್ದವರು ಹೊರಗೆ ಹೋಗುತ್ತಿದ್ದರು. ಯೂಗೊಸ್ಲಾವ್ ಬ್ಯಾಸ್ಕೆಟ್‌ಬಾಲಿನ ಆಚಾರ್ಯಪುರುಷ ಎನಿಸಿಕೊಂಡ ಅಲೆಕ್ಸಾಂಡರ್ ನಿಕೋಲಿಚ್ ಹುಟ್ಟಿದ್ದು 1924ರಲ್ಲಿ ಸರಾಯೆವೊದಲ್ಲಿಯೇ. ಅವರು ಹೆಸರು ಮಾಡಿದ್ದು ಬೆಲ್‌ಗ್ರೇಡಿನಲ್ಲಿ. ಬಳಿಕ ಇಟಲಿಗೆ ಹೋಗಿ ಯಾವ ತಂಡಕ್ಕೆ ಮೂರು ಬಾರಿ ಯುರೋಪಿಯನ್ ಕಪ್ ತಂದುಕೊಟ್ಟರೋ ಅದೇ ವರೇಸೆಯನ್ನು ಮುಂದೆ ಬೋಸ್ನಾ ಸೋಲಿಸಬೇಕಾಯಿತು.

1971ರಲ್ಲಿ ಕ್ಲಬ್ಬಿನ ಆಡಳಿತಗಾರರು ಒಂದು ವಿಚಿತ್ರ ನಿರ್ಧಾರ ಕೈಗೊಂಡರು. ಬೆಲ್‌ಗ್ರೇಡಿನಲ್ಲಿ ಆಡುತ್ತಿದ್ದ, ಮೊಂಟೆನೆಗ್ರೊದ ಪ್ಲೆವ್ಲಿಯಾ ಊರಿನ ಬೊಗ್ದಾನ್ ತಾನಿಯೆವಿಚ್ ಎಂಬ 24 ವರ್ಷದ ಯುವಕನನ್ನು ಕರೆತಂದು ತರಬೇತುದಾರನನ್ನಾಗಿ ನೇಮಿಸಿದರು. ತಂಡದ ಕೆಲವರಿಗೆ ಆತ ಹೆಚ್ಚುಕಡಿಮೆ ಸಮವಯಸ್ಕ. ಮರುವರ್ಷವೇ, ಅದೇ ನಗರದ ಜೆಲ್ಯೆಜ್ನಿಚಾರ್ ತಂಡದ ಎದುರಿನ ನಿರ್ಣಾಯಕ ಪಂದ್ಯವನ್ನು ಗೆದ್ದು ಬೋಸ್ನಾ ಮೊದಲ ದರ್ಜೆಗೆ ಬಡ್ತಿ ಪಡೆಯಿತು.

ತಾನಿಯೆವಿಚ್ ತಂಡ ಕಟ್ಟಿದ ಬಗೆಯನ್ನು ಗಮನಿಸಬೇಕು. ಸ್ವೆತಿಸ್ಲಾವ್ ಪೆಶಿಚ್ ಬಂದದ್ದು ಬೆಲ್‌ಗ್ರೇಡಿನ ಪಾರ್ಟಿಜಾನ್ ಕ್ಲಬ್ಬಿನಿಂದ. ಆತ ಸರ್ಬಿಯಾದ ಪಿರೋತ್ ಎಂಬ ಊರಿನಲ್ಲಿ ಆಟ ಕಲಿತವನು. ಝಾರ್ಕೊ ವರಾಯಿಚ್ ಮೊಂಟೆನೆಗ್ರೊದ ನಿಕ್ಷಿಚ್‌ನವನು. ಎತ್ತರದ ರಾತ್ಕೊ ರಾದೊವಾನೊವಿಚ್ ಹರ್ಜೆಗೊವಿನಾದ ನೆವೆಸಿನ್ಯೆಯವನು. ಮಿರ್ಜಾ ದೆಲಿಬಾಶಿಚ್ ಗಣಿಗಳ ಊರಾದ ತುಜ್ಲಾದವನು. 1972ರಲ್ಲಿ 18ರ ಹರೆಯದಲ್ಲಿ ಬೋಸ್ನಾಗೆ ಬಂದ. ತಂಡದ ಬೆನ್ನೆಲುಬಾದ ಈ ನಾಲ್ವರಲ್ಲಿ ಒಬ್ಬನೂ ಸರಾಯೆವೊದವನಲ್ಲ. ಹರಾಜಿನಲ್ಲಿ ಆಟಗಾರರನ್ನು ಕೊಳ್ಳುವ ಪದ್ಧತಿಯನ್ನು ಕಂಡಿರುವ ನಮಗೆ ಇದರಲ್ಲಿ ವಿಶೇಷ ಕಾಣಿಸದಿರಬಹುದು. ಆದರೆ ಬೋಸ್ನಾ ಸಿದ್ಧ ತಾರೆಗಳನ್ನು ಕೊಂಡುಕೊಳ್ಳಲಿಲ್ಲ. ಇನ್ನೂ ಹಣ್ಣಾಗದ ಹುಡುಗರನ್ನು ಕರೆತಂದು, ಏಳು ವರ್ಷ ಒಂದೇ ಕಡೆ ಕೂಡಿಹಾಕಿ ಬೆಳೆಸಿತು. ಇದು ಸಾಧ್ಯವಾದದ್ದಕ್ಕೆ ಇನ್ನೊಂದು ಕಾರಣವೂ ಇತ್ತು: ಒಂದು ವಯಸ್ಸು ದಾಟುವವರೆಗೆ ಯೂಗೊಸ್ಲಾವ್ ಆಟಗಾರರಿಗೆ ವಿದೇಶೀ ಕ್ಲಬ್ಬುಗಳಿಗೆ ಹೋಗಲು ಅನುಮತಿ ಇರಲಿಲ್ಲ. ದೇಶದೊಳಗೆ ಮುಕ್ತ ಓಡಾಟ, ಗಡಿಯಲ್ಲಿ ಬೀಗ. ಆಟಗಾರನ ದೃಷ್ಟಿಯಿಂದ ಎರಡನೆಯದು ಅನ್ಯಾಯವೇ. ತಂಡದ ದೃಷ್ಟಿಯಿಂದ ವರ.

ಓಡಾಟ ಎರಡೂ ದಿಕ್ಕಿನಲ್ಲಿತ್ತು ಎಂಬುದನ್ನೂ ಹೇಳಬೇಕು. 1978ರ ಕೊರಾಚ್ ಕಪ್ ಫೈನಲ್ ಬೋಸ್ನಿಯಾದ ನೆಲದಲ್ಲಿಯೇ, ಬಾನ್ಯಾ ಲೂಕಾದಲ್ಲಿ ನಡೆಯಿತು. ಎದುರಾಳಿ ಪಾರ್ಟಿಜಾನ್. ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯವನ್ನು ಬೋಸ್ನಾ 110–117ರಿಂದ ಸೋತಿತು. ಒಬ್ಬನೇ 48 ಅಂಕ ಗಳಿಸಿ ಬೋಸ್ನಾವನ್ನು ಮುಗಿಸಿದವನು ದ್ರಾಜೆನ್ ದಾಲಿಪಾಗಿಚ್. ಆತ ಹುಟ್ಟಿದ್ದು ಬೋಸ್ನಿಯಾ–ಹರ್ಜೆಗೊವಿನಾದ ಮೊಸ್ತಾರ್‌ನಲ್ಲಿ! ಅದೇ ವರ್ಷ ಬೋಸ್ನಾ ಮೊದಲ ಬಾರಿಗೆ ರಾಷ್ಟ್ರೀಯ ಲೀಗ್ ಗೆದ್ದು, ಚಾಂಪಿಯನ್ನರ ಕಪ್ಪಿಗೆ ಅರ್ಹತೆ ಪಡೆಯಿತು.

ಅಂತಿಮ ಹಂತದ ಆರು ತಂಡಗಳ ಗುಂಪಿನಲ್ಲಿ ರಿಯಲ್ ಮ್ಯಾಡ್ರಿಡ್ ಇತ್ತು, ಮಕಾಬಿ ಟೆಲ್ ಅವೀವ್ ಇತ್ತು. ಅವೆಲ್ಲವನ್ನೂ ಹಿಂದಿಕ್ಕಿ ಬೋಸ್ನಾ ಮತ್ತು ವರೇಸೆ ಗ್ರೆನೋಬಲ್ ತಲಪಿದವು. ಫೈನಲ್‌ನ ಚಿತ್ರಮುದ್ರಿಕೆಯನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ. ಮಸುಕು ಚಿತ್ರ, ಗದ್ದಲ, ಇಂದಿನ ಆಟಕ್ಕೆ ಹೋಲಿಸಿದರೆ ತುಸು ಒರಟಾದ ನಡೆ. ಮೂರು ಅಂಕಗಳ ರೇಖೆ ಅಂತರರಾಷ್ಟ್ರೀಯ ಆಟಕ್ಕೆ ಬಂದದ್ದು ಐದು ವರ್ಷಗಳ ನಂತರ. ಎಷ್ಟೇ ದೂರದಿಂದ ಎಸೆದರೂ ಎರಡೇ ಅಂಕ. ಅಂಥ ಕಾಲದಲ್ಲಿ ವರಾಯಿಚ್ ಆ ರಾತ್ರಿ 45 ಅಂಕ ಗಳಿಸಿದ. ಈ ಸ್ಪರ್ಧೆಯ ಫೈನಲ್‌ನಲ್ಲಿ ಒಬ್ಬ ಆಟಗಾರ ಗಳಿಸಿದ ಅತಿ ಹೆಚ್ಚಿನ ಮೊತ್ತ ಅದು. ದೆಲಿಬಾಶಿಚ್ 30. ತಂಡದ 96ರಲ್ಲಿ 75 ಅಂಕ ಈ ಇಬ್ಬರದೇ.

ಇಬ್ಬರ ಆಟದಲ್ಲಿಯೂ ಅಜಗಜಾಂತರ. ವರಾಯಿಚ್‌ನದು ನೇರ ದಾಳಿ. ಸಂದು ಕಂಡರೆ ನುಗ್ಗುವವನು, ಕಾಣದಿದ್ದರೆ ನಿಂತಲ್ಲಿಂದಲೇ ಎಸೆಯುವವನು. ದೆಲಿಬಾಶಿಚ್ ಆಡುವಾಗ ಅವಸರವೆಂಬುದೇ ಇರುವುದಿಲ್ಲ. ತೆಳ್ಳನೆಯ ಮೈಕಟ್ಟು, ಚೆಂಡನ್ನು ಹಿಡಿದಾಗ ಉಳಿದವರೆಲ್ಲ ಅರೆಕ್ಷಣ ತಡೆದು ನಿಂತಂತೆ ಭಾಸವಾಗುತ್ತದೆ. ನಮ್ಮ ಗುಂಡಪ್ಪ ವಿಶ್ವನಾಥರು ಚೆಂಡನ್ನು ತಡವಾಗಿ ಕಟ್ ಮಾಡುತ್ತಿದ್ದುದನ್ನು ಕಂಡವರಿಗೆ ನಾನು ಹೇಳುತ್ತಿರುವುದೇನೆಂದು ಥಟ್ಟನೆ ಹೊಳೆದೀತು.

ಬೋಸ್ನಾ 1980ರಲ್ಲಿ ಮತ್ತೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಮೂರನೆಯ ಬಾರಿ, 1983ರಲ್ಲಿ. ಈ ಮೂರನೆಯದರ ಬಗ್ಗೆ ಕ್ಲಬ್ಬಿನ ಅಭಿಮಾನಿಗಳು ಹೆಚ್ಚು ಮಾತನಾಡುವುದಿಲ್ಲ, ಮಾತನಾಡದಿರುವುದೇ ವಾಸಿ. ಆ ವೇಳೆಗೆ ಪೆಶಿಚ್ ತರಬೇತುದಾರನಾಗಿದ್ದ. ನಿರ್ಣಾಯಕ ಪಂದ್ಯ ಅಡ್ರಿಯಾಟಿಕ್ ಕರಾವಳಿಯ ಶಿಬೆನಿಕ್ ಊರಿನಲ್ಲಿ, ಅಲ್ಲಿನ ಶಿಬೆಂಕಾ ತಂಡದ ವಿರುದ್ಧ. ಬೋಸ್ನಾ ಒಂದು ಅಂಕದಿಂದ ಮುಂದಿದ್ದಾಗ, ಕಟ್ಟಕಡೆಯ ಗಳಿಗೆಯಲ್ಲಿ ತೀರ್ಪುಗಾರ ಫೌಲ್ ಕೊಟ್ಟ. 18 ವರ್ಷದ ಹುಡುಗನೊಬ್ಬ ಎರಡು ಫ್ರೀ ಥ್ರೋಗಳನ್ನೂ ಬುಟ್ಟಿಗೆ ಹಾಕಿ 83–82ರಿಂದ ಗೆಲ್ಲಿಸಿದ. ಆ ಹುಡುಗ ದ್ರಾಜೆನ್ ಪೆತ್ರೊವಿಚ್. ಅಂದು ಅವನ ಗಳಿಕೆ 40. ಊರು ರಾತ್ರಿಯಿಡೀ ಕುಣಿಯಿತು. ಮರುದಿನ ಬೆಳಿಗ್ಗೆ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ತೀರ್ಪುಗಾರಿಕೆಯ ಕಾರಣ ನೀಡಿ ಪಂದ್ಯವನ್ನೇ ರದ್ದುಗೊಳಿಸಿತು. ನೋವಿ ಸಾದ್ ನಗರದಲ್ಲಿ ಮರುಪಂದ್ಯ ಆಡಬೇಕೆಂದಿತು. ಶಿಬೆಂಕಾ ಬರಲಿಲ್ಲ. ಪ್ರಶಸ್ತಿ ಬೋಸ್ನಾಗೆ ಹೋಯಿತು. ಆ ಫೌಲ್ ಸರಿಯೋ ತಪ್ಪೋ, ಅದು ಬೇರೆ ಮಾತು. ಮುಗಿದ ಪಂದ್ಯವನ್ನು ಕಚೇರಿಯಲ್ಲಿ ಕುಳಿತು ಅಳಿಸಿಹಾಕುವುದು ಸರಿಯೆಂದು ನನಗೆ ಅನಿಸಿಲ್ಲ.

ಅಷ್ಟರಲ್ಲಿ ಹಳೆಯ ಬಳಗ ಚದುರಲಾರಂಭಿಸಿತ್ತು. ದೆಲಿಬಾಶಿಚ್ 1981ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿದ. ಎರಡು ವರ್ಷಗಳ ನಂತರ ಗುರು ತಾನಿಯೆವಿಚ್ ಇದ್ದ ಇಟಲಿಯ ಕಾಸೆರ್ತಾಗೆ ಹೋದ. ಅಲ್ಲಿ ಮಿದುಳಿನ ರಕ್ತಸ್ರಾವವಾಗಿ, 29ನೆಯ ವಯಸ್ಸಿಗೇ ಆಟ ಮುಗಿಯಿತು. ಬದುಕಿ ಸರಾಯೆವೊಗೆ ಮರಳಿದ.

1992ರ ಏಪ್ರಿಲ್ 5. ಗ್ರೆನೋಬಲ್ ಗೆಲುವಿಗೆ ಸರಿಯಾಗಿ ಹದಿಮೂರು ವರ್ಷ ತುಂಬಿದ ದಿನ ಸರಾಯೆವೊದ ದಿಗ್ಬಂಧನ ಆರಂಭವಾಯಿತು. ಸುತ್ತಲ ಬೆಟ್ಟಗಳ ಮೇಲೆ ಬೋಸ್ನಿಯನ್ ಸರ್ಬರ ಫಿರಂಗಿಗಳು. ಕೆಳಗೆ ಬಟ್ಟಲಿನಂಥ ನಗರ. 1,425 ದಿನ. ಇಪ್ಪತ್ತು ವರ್ಷಗಳ ನಂತರ, 2012ರಲ್ಲಿ, ಸತ್ತವರ ನೆನಪಿಗೆ ನಗರದ ಮುಖ್ಯ ಬೀದಿಯಲ್ಲಿ 11,541 ಕೆಂಪು ಕುರ್ಚಿಗಳನ್ನು ಖಾಲಿ ಇರಿಸಲಾಗಿತ್ತು. 1984ರ ಚಳಿಗಾಲದ ಒಲಿಂಪಿಕ್ಸ್‌ಗೆ ಕಟ್ಟಿದ್ದ ಝೆತ್ರಾ ಕ್ರೀಡಾಂಗಣ ಷೆಲ್ ದಾಳಿಗೆ ಹೊತ್ತಿ ಉರಿಯಿತು. ಅದರ ಆಸನಗಳ ಮರವನ್ನು ಶವಪೆಟ್ಟಿಗೆಗೆ ಬಳಸಿದರು.

ದಿಗ್ಬಂಧನ ಶುರುವಾದ ಹನ್ನೊಂದನೆಯ ದಿನ, ಏಪ್ರಿಲ್ 16ರಂದು, ಇಸ್ತಾಂಬುಲ್‌ನಲ್ಲಿ ಬೆಲ್‌ಗ್ರೇಡಿನ ಪಾರ್ಟಿಜಾನ್ ಅದೇ ಯುರೋಪಿಯನ್ ಕಪ್ಪನ್ನು ಗೆದ್ದಿತು. ಅಂದು ಅದರ ಪರ 25 ಅಂಕ ಗಳಿಸಿದವನು ಪ್ರೆದ್ರಾಗ್ ದಾನಿಲೊವಿಚ್. ಹುಟ್ಟಿದ್ದು ಸರಾಯೆವೊದಲ್ಲಿ, ಬೆಳೆದದ್ದು ಬೋಸ್ನಾದ ಕಿರಿಯರ ತಂಡದಲ್ಲಿ. ಹಳೆಯ ಓಡಾಟದ ಕೊನೆಯ ಫಲಗಳಲ್ಲಿ ಅದೂ ಒಂದು ಎನ್ನಬೇಕು.

ದೆಲಿಬಾಶಿಚ್‌ನಂಥವನಿಗೆ ಮ್ಯಾಡ್ರಿಡ್‌ನಲ್ಲಾಗಲಿ ಇಟಲಿಯಲ್ಲಾಗಲಿ ಬಾಗಿಲು ತೆರೆದೇ ಇದ್ದೀತು. ಆತ ಹೋಗಲಿಲ್ಲ. ನೀರು, ವಿದ್ಯುತ್ತು ಇಲ್ಲದ ನಗರದಲ್ಲಿಯೇ ಉಳಿದ. 1993ರಲ್ಲಿ ಹೊಸ ದೇಶವಾದ ಬೋಸ್ನಿಯಾ–ಹರ್ಜೆಗೊವಿನಾ ಯುರೋಪಿಯನ್ ಚಾಂಪಿಯನ್‌ಷಿಪ್‌ಗೆ ತಂಡ ಕಳುಹಿಸಲು ತೀರ್ಮಾನಿಸಿದಾಗ ಅದರ ತರಬೇತುದಾರ ಆತನೇ. ನಗರದೊಳಗಿದ್ದ ಆಟಗಾರರು ಹೊರಬರಲು ಇದ್ದ ದಾರಿ ಒಂದೇ: ರಾತ್ರಿ ಹೊತ್ತು, ವಿಶ್ವಸಂಸ್ಥೆಯ ಪಡೆಗಳ ವಶದಲ್ಲಿದ್ದ ವಿಮಾನ ನಿಲ್ದಾಣದ ರನ್‌ವೇಯನ್ನು ಗುಂಡುಗಳ ನಡುವೆ ಓಡಿ ದಾಟುವುದು. ಸಾಮಾನ್ಯರಿಗಿಂತ ಒಂದಡಿ ಎತ್ತರದ ಮನುಷ್ಯರಿಗೆ ಕತ್ತಲಲ್ಲಿ ಬಗ್ಗಿ ಓಡುವುದೆಂದರೆ ಏನೆಂದು ಊಹಿಸಿಕೊಳ್ಳಬಹುದು. ಹಾಗೆ ಬಂದವರೂ ಹೊರದೇಶಗಳಲ್ಲಿದ್ದವರೂ ಸೇರಿದ ತಂಡ ಎಂಟನೆಯ ಸ್ಥಾನ ಪಡೆಯಿತು. ಆ ಚಾಂಪಿಯನ್‌ಷಿಪ್ ನಡೆದದ್ದು ಜರ್ಮನಿಯಲ್ಲಿ. ಗೆದ್ದದ್ದೂ ಜರ್ಮನಿ, ಮ್ಯೂನಿಕ್‌ನಲ್ಲಿ ರಷ್ಯಾವನ್ನು ಒಂದೇ ಅಂಕದಿಂದ ಸೋಲಿಸಿ. ಜರ್ಮನಿಯ ತರಬೇತುದಾರ ಸ್ವೆತಿಸ್ಲಾವ್ ಪೆಶಿಚ್. 1979ರಲ್ಲಿ ಒಂದೇ ಅಂಗಿ ತೊಟ್ಟಿದ್ದ ಇಬ್ಬರಲ್ಲಿ ಒಬ್ಬನ ಕೊರಳಿಗೆ ಚಿನ್ನ. ಇನ್ನೊಬ್ಬನ ತಂಡಕ್ಕೆ ಹಿಂದಿರುಗಲು ಮುತ್ತಿಗೆಯಲ್ಲಿದ್ದ ಒಂದು ನಗರ.

ಬೋಸ್ನಾದ ವಿದ್ಯೆ ಹೀಗೆ ಬೇರೆ ಬೇರೆ ದೇಶಗಳ ಪಾಲಾಯಿತು. ತಾನಿಯೆವಿಚ್ 1999ರಲ್ಲಿ ಇಟಲಿಗೆ ಯುರೋಪಿಯನ್ ಚಿನ್ನ ತಂದರು, 2010ರಲ್ಲಿ ಟರ್ಕಿಗೆ ವಿಶ್ವ ಬೆಳ್ಳಿ. ಪೆಶಿಚ್ 2023ರ ವಿಶ್ವಕಪ್‌ನಲ್ಲಿ ಸರ್ಬಿಯಾವನ್ನು ಫೈನಲ್‌ವರೆಗೆ ಕೊಂಡೊಯ್ದರು. ಅಲ್ಲಿ ಸೋತದ್ದು, ಬೇರೆ ಯಾರಿಗೂ ಅಲ್ಲ, ಜರ್ಮನಿಗೆ. ಕ್ಲಬ್ ಯುದ್ಧಾನಂತರ ಬೋಸ್ನಿಯಾದ ಚಿಕ್ಕ ಲೀಗಿನಲ್ಲಿ 2000ರ ದಶಕದಲ್ಲಿ ಮತ್ತೆ ಪ್ರಶಸ್ತಿಗಳನ್ನೇನೋ ಗೆದ್ದಿತು. ಆದರೆ ಯುರೋಪಿನ ಶಿಖರ ಮತ್ತೆ ಅದರ ಕೈಗೆ ಎಟುಕಲಿಲ್ಲ; ಸಾಲದ ಹೊರೆಯಲ್ಲಿ ನರಳಿತು. ನಿಕ್ಷಿಚ್ ಈಗ ಬೇರೆ ದೇಶ, ಪಿರೋತ್ ಬೇರೆ ದೇಶ. ನೆವೆಸಿನ್ಯೆ ಅದೇ ದೇಶದಲ್ಲಿದ್ದರೂ ಒಳಗಿನ ಗೆರೆಯ ಆಚೆಗಿದೆ. ಅಲ್ಲಿನ ಪ್ರತಿಭಾವಂತ ಹುಡುಗ ಇಂದು ನೋಡುವುದು ಬೆಲ್‌ಗ್ರೇಡಿನತ್ತ, ಇಲ್ಲವೇ ನೇರವಾಗಿ ಸ್ಪೇನ್, ಅಮೆರಿಕದತ್ತ. ಸರಾಯೆವೊಗೆ ಬರಲು ಅವನಿಗೆ ಕಾರಣ ಉಳಿದಿಲ್ಲ.

ದೆಲಿಬಾಶಿಚ್ 2001ರ ಡಿಸೆಂಬರ್ 8ರಂದು ಸರಾಯೆವೊದಲ್ಲಿ ತೀರಿಕೊಂಡ, ವಯಸ್ಸು 47. ವರಾಯಿಚ್ 2019ರಲ್ಲಿ. 1969ರಲ್ಲಿ ತೆರೆದ ಸ್ಕೆಂದೇರಿಯಾ ಕ್ರೀಡಾಭವನದಲ್ಲಿ, ಬೋಸ್ನಾ ತನ್ನ ಒಳ್ಳೆಯ ದಿನಗಳಲ್ಲಿ ಆಡುತ್ತಿದ್ದ ಸಭಾಂಗಣಕ್ಕೆ ಈಗ ಮಿರ್ಜಾ ದೆಲಿಬಾಶಿಚ್ ಹೆಸರಿದೆ.