ಹಿತ್ತಿಲ ಕೋಳಿಯು ಮೊಟ್ಟೆಯಿಡುವುದನ್ನು ನಿಲ್ಲಿಸಲು ಕಾರಣಗಳು

ಟೇಕಲ್ಲಿನ ಸುತ್ತಣ ಗ್ರಾಮಗಳ ಒಕ್ಕಲುಮನೆಗಳಲ್ಲಿ ರಾಗಿ, ರೇಷ್ಮೆ, ಹಾಲು ಇವುಗಳ ಲೆಕ್ಕವನ್ನು ಯಜಮಾನರು ಇಡುವರು. ಹಿತ್ತಿಲ ನಾಲ್ಕಾರು ಕೋಳಿಗಳ ಲೆಕ್ಕವು ಸಾಮಾನ್ಯವಾಗಿ ಹೆಂಗಸರ ಪಾಲಿನದು. ಮೊಟ್ಟೆಯ ಹಣವು ಉಪ್ಪು ಎಣ್ಣೆಗಳಿಗೂ ಮಕ್ಕಳ ಪುಸ್ತಕಗಳಿಗೂ ಸಲ್ಲುವುದರಿಂದ, ಕೋಳಿಯು ಮೊಟ್ಟೆಯಿಡುವುದನ್ನು ನಿಲ್ಲಿಸಿದರೆ ಅದರ ಕೊರತೆಯು ಮೊದಲು ಅಡುಗೆಮನೆಗೆ ತಿಳಿಯುವುದು. ಯಜಮಾನರ ಕಿವಿಗೆ ಈ ಸಂಗತಿ ಬೀಳುವ ಹೊತ್ತಿಗೆ "ಈ ಕೋಳಿ ಬರಡಾಯಿತು, ಹಬ್ಬಕ್ಕೆ ಕೊಯ್ಯೋಣ" ಎಂಬ ತೀರ್ಪು ಆಗಿಯೇ ಹೋಗಿರುವುದುಂಟು. ಮೇವನ್ನು ತಿನ್ನುತ್ತ, ಗೆಲುವಾಗಿ ಓಡಾಡುತ್ತಿರುವ ಕೋಳಿಯ ಮೇಲೆ ಇಂತಹ ತೀರ್ಪನ್ನು ಕೊಡುವ ಮೊದಲು ಸ್ವಲ್ಪ ವಿಚಾರಣೆ ನಡೆಸುವುದು ನ್ಯಾಯ.

ವಿಚಾರಣೆಯ ಮೊದಲನೆಯ ಪ್ರಶ್ನೆ ಇದು: ಕೋಳಿಯು ನಿಜವಾಗಿಯೂ ನಿಲ್ಲಿಸಿದೆಯೇ? ನಾಟಿ ಹ್ಯಾಟೆಯು ಸ್ವಭಾವದಿಂದಲೇ ಗುಟ್ಟಿನ ಜೀವಿ. ಮನೆಯಲ್ಲಿಟ್ಟ ಬುಟ್ಟಿಯಲ್ಲಿ ಗಲಾಟೆಯಾದರೆ, ಹುಲ್ಲು ಹಳೆಯದಾಗಿ ಹೇನು ಸೇರಿದರೆ, ಅದು ಬಣವೆಯ ಬುಡವನ್ನೋ ಬೇಲಿಯ ಪೊದೆಯನ್ನೋ ಹುಡುಕಿಕೊಳ್ಳುವುದು. ಟೇಕಲ್ಲಿನಂತಹ ಗುಡ್ಡದ ಸೀಮೆಯಲ್ಲಿ ಬಂಡೆಗಳ ಸಂದುಗಳಿಗೆ ಕೊರತೆಯಿಲ್ಲ. ಅಲ್ಲಿಟ್ಟ ಮೊಟ್ಟೆಗಳು ಮುಂಗುಸಿಗೂ ಹಾವಿಗೂ ಆಹಾರವಾಗುವುವು. ಆದಕಾರಣ ಎರಡು ಮೂರು ದಿನಗಳು ಆ ಕೋಳಿಯನ್ನು ಬೆಳಗಿನ ಹತ್ತು ಗಂಟೆಯ ತನಕ ಗಾಳಿ ಬೆಳಕುಗಳಿರುವ ಕಡೆಯಲ್ಲಿ ಕೂಡಿ, ನೀರು ಮೇವುಗಳನ್ನು ಕೊಟ್ಟು ನೋಡತಕ್ಕದ್ದು. ಕೋಳಿಗಳು ಹೆಚ್ಚಾಗಿ ಮೊಟ್ಟೆಯಿಡುವುದು ಬೆಳಗಿನಲ್ಲಿಯೇ. ಇನ್ನೊಂದು ಪರೀಕ್ಷೆಯುಂಟು. ಕೋಳಿಯ ಗುದದ್ವಾರದ ಕೆಳಗೆ ಎರಡು ತೆಳ್ಳನೆಯ ಎಲುಬಿನ ತುದಿಗಳು ಕೈಗೆ ಸಿಕ್ಕುವುವು. ಇವುಗಳ ನಡುವೆ ಎರಡು ಮೂರು ಬೆರಳು ಹಿಡಿಸಿ, ದ್ವಾರವು ಅಗಲವಾಗಿಯೂ ತೇವವಾಗಿಯೂ ಇದ್ದರೆ ಕೋಳಿಯು ಮೊಟ್ಟೆಯಿಡುತ್ತಿದೆಯೆಂದು ತಿಳಿಯಬಹುದು. ಒಂದೇ ಬೆರಳು ಹಿಡಿಸಿದರೆ ನಿಲ್ಲಿಸಿರುವುದು ನಿಜ.

ಹಾಗೆ ನಿಲ್ಲಿಸಿದ್ದರೆ, ಮೊದಲು ಕಾವನ್ನು ನೆನೆಯಬೇಕು. ನಾಟಿಕೋಳಿಯು ಹತ್ತು ಹದಿನೈದು ಮೊಟ್ಟೆಗಳನ್ನಿಟ್ಟ ಮೇಲೆ ಗೂಡನ್ನು ಬಿಟ್ಟೇಳದೆ, ಹತ್ತಿರ ಹೋದವರಿಗೆ ಗರಿ ಕೆದರಿ, ಕೈಯನ್ನು ಕುಕ್ಕುವುದು. ಕಾವಿಗೆ ೨೧ ದಿನಗಳು, ಮರಿಗಳನ್ನು ಸಾಕಲು ಎರಡು ಮೂರು ತಿಂಗಳು. ಈ ಕಾಲದಲ್ಲಿ ಅದರಿಂದ ಮೊಟ್ಟೆಯನ್ನು ಬಯಸುವುದು ಅಸಾಧ್ಯ. ವರ್ಷಕ್ಕೆ ಮೂರು ನಾಲ್ಕು ಸರದಿಗಳಲ್ಲಿ ನಾಟಿಕೋಳಿಯು ಐವತ್ತು ಅರವತ್ತು ಮೊಟ್ಟೆಗಳಷ್ಟನ್ನೇ ಕೊಡುವುದಕ್ಕೆ ಇದೇ ಮುಖ್ಯ ಕಾರಣವು. ಮರಿಗಳು ಬೇಡವಾದರೆ ದಿನವೂ ಮೊಟ್ಟೆಗಳನ್ನು ತೆಗೆದು ಒಂದನ್ನು ಮಾತ್ರ ಉಳಿಸಬೇಕು. ಗೂಡಿನಲ್ಲಿ ರಾಶಿ ಬಿದ್ದಷ್ಟೂ ಕಾವು ಬೇಗ ಏರುವುದು. ಕಾವಿಗೆ ಕುಳಿತ ಕೋಳಿಯನ್ನು ತಣ್ಣೀರಿನಲ್ಲಿ ಮುಳುಗಿಸುವುದು, ಮೂಗಿಗೆ ಗರಿಯನ್ನು ಚುಚ್ಚುವುದು ಇವು ಹಳೆಯ ಪದ್ಧತಿಗಳು. ಇವುಗಳಲ್ಲಿ ಹಿಂಸೆಯೇ ಹೆಚ್ಚು. ಬಿದಿರು ದಬ್ಬೆಗಳ ತಳವುಳ್ಳ, ಹುಲ್ಲು ಹಾಸದ ಬುಟ್ಟಿಯೊಂದನ್ನು ನೆಲದಿಂದ ಮೇಲೆ ತೂಗುಹಾಕಿ, ನೆರಳಿನಲ್ಲಿ ನೀರು ಮೇವು ಸಹಿತ ಮೂರು ನಾಲ್ಕು ದಿನ ಅದರೊಳಗಿಟ್ಟರೆ, ಹೊಟ್ಟೆಗೆ ತಂಪುಗಾಳಿ ತಗಲಿ ಕಾವು ತಾನಾಗಿ ಇಳಿಯುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ರೂಪಿಸಿದ ಗಿರಿರಾಜ ತಳಿಯ ಕೋಳಿಗೆ ಕಾವು ಕೂರುವ ಅಭ್ಯಾಸವಿಲ್ಲ. ಅದು ನಿಲ್ಲಿಸಿದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಹಳೆಯ ಗರಿಗಳುದುರಿ ಹೊಸವು ಹುಟ್ಟುವ ಕಾಲದಲ್ಲಿಯೂ ಮೊಟ್ಟೆ ನಿಲ್ಲುವುದು. ಗರಿಯೂ ಮೊಟ್ಟೆಯೂ ಒಂದೇ ಬಗೆಯ ಪೌಷ್ಟಿಕಾಂಶವನ್ನು ಬೇಡುವುದರಿಂದ ದೇಹವು ಒಂದನ್ನು ತಡೆದು ಇನ್ನೊಂದನ್ನು ನಡೆಸುವುದು. ಅಂಗಳದಲ್ಲಿ ಗರಿಗಳು ಬಿದ್ದಿದ್ದು, ಕತ್ತಿನ ಸುತ್ತ ಮುಳ್ಳಿನಂತೆ ಹೊಸ ಗರಿಗಳು ಕಂಡರೆ ಎರಡು ಮೂರು ತಿಂಗಳು ತಾಳ್ಮೆಯಿಂದಿರಬೇಕು. ಇದು ರೋಗವಲ್ಲ. ಮೂರು ವರ್ಷ ಮೀರಿದ ಕೋಳಿಯ ವಿಚಾರದಲ್ಲಿ ಮಾತ್ರ ಅಡುಗೆಮನೆಯ ತೀರ್ಪಿಗೆ ನಮ್ಮ ಆಕ್ಷೇಪಣೆಯಿಲ್ಲ.

ಆಹಾರದ ವಿಚಾರವನ್ನು ಸ್ವಲ್ಪ ವಿಸ್ತರಿಸಬೇಕು. ಏಕೆಂದರೆ ನಮ್ಮ ಸೀಮೆಯಲ್ಲಿ "ರಾಗಿ ತಿಂದ ಕೋಳಿಗೆ ಇನ್ನೇನು ಕೊರತೆ" ಎಂಬ ನಂಬಿಕೆಯಿದೆ. ಧಾನ್ಯಗಳಲ್ಲಿ ರಾಗಿಯು ಸುಣ್ಣಾಂಶಕ್ಕೆ ಹೆಸರಾದುದೇ ಸರಿ: ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೪೦ ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು. ಆದರೆ ನಾಟಿಕೋಳಿಯ ಒಂದು ಮೊಟ್ಟೆಯ ಚಿಪ್ಪಿಗೆ ಬೇಕಾದುದು ಸುಮಾರು ಒಂದೂವರೆ ಗ್ರಾಂ. ದಿನಕ್ಕೆ ೫೦ ಗ್ರಾಂ ರಾಗಿಯನ್ನು ತಿಂದರೂ ಅದರ ಒಂಬತ್ತರಲ್ಲೊಂದು ಪಾಲು ದೊರೆತೀತು. ಉಳಿದುದನ್ನು ಕೋಳಿಯು ತನ್ನ ಎಲುಬಿನಿಂದ ತೆಗೆಯುವುದು. ಮೊದಲು ಚಿಪ್ಪು ತೆಳ್ಳಗಾಗಿ, ಬಳಿಕ ಮೊಟ್ಟೆಯೇ ನಿಲ್ಲುವುದು. ಕಪ್ಪೆಚಿಪ್ಪನ್ನೋ, ಸುಟ್ಟು ಪುಡಿಮಾಡಿದ ಮೊಟ್ಟೆಯ ಓಡನ್ನೋ ಒಂದು ಕರಟದಲ್ಲಿ ಬೇರೆಯಾಗಿ ಇಟ್ಟರೆ ಕೋಳಿಯು ಬೇಕಾದಷ್ಟನ್ನು ತಾನೇ ಆರಿಸಿಕೊಳ್ಳುವುದು.

ಪ್ರೋಟೀನಿನ ಕೊರತೆ ಇದಕ್ಕಿಂತ ದೊಡ್ಡದು. ಮೊಟ್ಟೆಯಿಡುವ ಕೋಳಿಯ ಆಹಾರದಲ್ಲಿ ಅದು ನೂರಕ್ಕೆ ಹದಿನಾರರಷ್ಟು ಬೇಕು; ರಾಗಿಯಲ್ಲಿರುವುದು ಏಳರಷ್ಟು. ಮಳೆಗಾಲದಲ್ಲಿ ಹುಳುಹುಪ್ಪಟೆಗಳಿಂದ ತಿಪ್ಪೆಯೇ ಈ ಕೊರತೆಯನ್ನು ತುಂಬುವುದು. ಸುಗ್ಗಿ ಮುಗಿದು ನೆಲವೊಣಗಿದ ಮೇಲೆ ಕಣದಲ್ಲಿ ಕಾಳು ಸಿಕ್ಕೀತೇ ಹೊರತು ಹುಳು ಸಿಕ್ಕದು. ಬರಿಯ ಕಾಳಿನಿಂದ ಕೋಳಿಯು ಕೊಬ್ಬುವುದು, ಮೊಟ್ಟೆಯಿಡದು. ಸಗಣಿ, ಹುಲ್ಲುಗಳನ್ನು ತುಂಬಿದ ಹಳೆಯ ಮಡಕೆಯನ್ನು ನೀರು ಚಿಮುಕಿಸಿ ಗೆದ್ದಲಿರುವೆಡೆ ಕವುಚಿಟ್ಟು, ಮರುದಿನ ಅದರಲ್ಲಿ ಸೇರಿದ ಗೆದ್ದಲನ್ನು ಕೋಳಿಗೆ ಹಾಕುವ ಹಿರಿಯರ ಉಪಾಯವು ಇಂದಿಗೂ ಒಳ್ಳೆಯದೇ. ನೂಲು ತೆಗೆದ ಬಳಿಕ ಉಳಿಯುವ ರೇಷ್ಮೆಹುಳುವನ್ನು ಒಣಗಿಸಿ ಸ್ವಲ್ಪವಾಗಿ ಬೆರಸಬಹುದು. ಹೆಚ್ಚಾದರೆ ಮೊಟ್ಟೆಗೆ ವಾಸನೆ ಬರುವುದು. ಕಡಲೆಕಾಯಿ ಹಿಂಡಿಯೂ ಉತ್ತಮವೇ, ಆದರೆ ಬೂಷ್ಟು ಹಿಡಿದುದನ್ನು ಮುಟ್ಟಿಸಕೂಡದು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುದು ಇಂತಹ ಹಿಂಡಿಯಲ್ಲಿದ್ದ ಬೂಷ್ಟಿನ ವಿಷದಿಂದ.

ಮೊಟ್ಟೆಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ನೀರೇ. ಚೈತ್ರ ವೈಶಾಖಗಳಲ್ಲಿ ಕುಂಟೆಗಳು ಬತ್ತಿ, ಬಂಡೆಗಳು ಕಾದಿರುವಾಗ, ಒಂದು ದಿನ ನೀರು ತಪ್ಪಿದರೂ ಕೆಲವು ದಿನಗಳ ಮೊಟ್ಟೆ ತಪ್ಪೀತು. ನೆರಳಿನಲ್ಲಿ ಮಣ್ಣಿನ ಪಾತ್ರೆಯಲ್ಲಿ ದಿನಕ್ಕೆರಡು ಸಲ ಹೊಸ ನೀರನ್ನಿಡತಕ್ಕದ್ದು.

ಶೀತದೇಶಗಳಲ್ಲಿ ಬರೆದ ಪುಸ್ತಕಗಳು ಚಳಿಗಾಲದ ಕಿರುಹಗಲನ್ನೇ ಮುಖ್ಯ ಕಾರಣವೆಂದು ಹೇಳುವುವು. ನಮ್ಮಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಅಂತರವು ಒಂದೂವರೆ ಗಂಟೆ ಮಾತ್ರ. ಹಿತ್ತಿಲ ನಾಲ್ಕು ಕೋಳಿಗಳಿಗಾಗಿ ದೀಪವುರಿಸುವ ವೆಚ್ಚಕ್ಕಿಂತ, ಹೊತ್ತೇರುವವರೆಗೂ ಕತ್ತಲೆಯ ಮಂಕರಿಯಲ್ಲಿ ಕವುಚಿಡದಿರುವುದು ಮೇಲು.

ರಾತ್ರಿಯಲ್ಲೊಮ್ಮೆ ದೀಪ ಹಿಡಿದು ಗೂಡಿನ ಬಿರುಕುಗಳನ್ನು ನೋಡಿರಿ. ಹಗಲಲ್ಲಿ ಅಡಗಿದ್ದು ಇರುಳಿನಲ್ಲಿ ರಕ್ತ ಹೀರುವ ಕೆಂಪು ನುಸಿಗಳು ಕಂಡರೆ ಗೂಡನ್ನು ಬರಿದುಮಾಡಿ, ಹುಲ್ಲನ್ನು ಸುಟ್ಟು, ಬಿರುಕುಗಳಿಗೆ ಸುಣ್ಣವನ್ನು ತುಂಬಿ ಬಳಿಯಬೇಕು.

ಇದುವರೆಗೆ ಹೇಳಿದುದು ಆರೋಗ್ಯವಾಗಿರುವ ಕೋಳಿಯ ಮಾತು. ಹಲವು ಕೋಳಿಗಳು ಒಟ್ಟಿಗೆ ಮೊಟ್ಟೆ ನಿಲ್ಲಿಸಿ, ತೂಕಡಿಸುತ್ತ, ಹಸುರಾಗಿ ಭೇದಿಯಾಗುತ್ತಿದ್ದರೆ ಅದು ರಾಣಿಖೇತ್ ಬೇನೆಯಿರಬಹುದು. ಆಗ ಬದಲು ಔಷಧಗಳಿಗಾಗಿ ಕಾಲ ಕಳೆಯದೆ ಪಶುವೈದ್ಯರಿಗೆ ತಿಳಿಸತಕ್ಕದ್ದು. ಬೇನೆ ತಗಲಿದ ಮೇಲೆ ಅದಕ್ಕೆ ಮದ್ದಿಲ್ಲ, ಮುಂಚಿತವಾಗಿ ಹಾಕಿಸುವ ಲಸಿಕೆಯುಂಟು. ಒಂದು ಮನೆಯವರು ಹಾಕಿಸಿ ನೆರೆಮನೆಯವರು ಬಿಟ್ಟರೆ ಬೇನೆಯು ಊರಿನಲ್ಲಿಯೇ ಉಳಿಯುವುದರಿಂದ, ಗ್ರಾಮದ ಮುಖಂಡರು ವೈದ್ಯರೊಡನೆ ದಿನವನ್ನು ಗೊತ್ತುಮಾಡಿ, ಹಿಂದಿನ ಸಂಜೆಯೇ ಡಂಗುರ ಸಾರಿಸಿ, ಬೆಳಗಿನಲ್ಲಿ ಕೋಳಿಗಳನ್ನು ಗೂಡಿನಿಂದ ಬಿಡುವ ಮೊದಲೇ ಎಲ್ಲ ಮನೆಗಳಲ್ಲಿಯೂ ಲಸಿಕೆ ಹಾಕಿಸುವ ಏರ್ಪಾಡು ಮಾಡಬೇಕೆಂದು ಕೋರುತ್ತೇವೆ.