‘ಡಿಸ್‌ಪ್ಲೇ ಬರವಲ್ದು’: ಹಳೆಯ ಕಂಪ್ಯೂಟರಿನ ರೋಗ ಹಿಡಿಯುವ ವಿದ್ಯೆ

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಅಚ್ಚುಮೊಳೆಯ ಕಾಲ ಮುಗಿದು ಡಿಟಿಪಿ ಬಂದ ಮೇಲೆ ರೋಣ, ನರಗುಂದ, ಗಜೇಂದ್ರಗಡದಂಥ ಊರುಗಳ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ ಎಲ್ಲವೂ ಪೆಂಟಿಯಂ ಯಂತ್ರ ಮತ್ತು ಭಾರದ ಸಿಆರ್‌ಟಿ ಮಾನಿಟರಿನಲ್ಲಿ ಸಿದ್ಧವಾಗತೊಡಗಿದವು. ಆ ಪೀಳಿಗೆಯ ಯಂತ್ರಗಳಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ‘ಡಿಸ್‌ಪ್ಲೇ ಬರವಲ್ದು’ ಎಂಬ ಈ ಒಂದೇ ದೂರಿಗೆ ಹತ್ತಾರು ಕಾರಣಗಳಿರಬಹುದು, ಅವುಗಳಲ್ಲಿ ಬಹಳಷ್ಟಕ್ಕೆ ಮಾನಿಟರಿನ ಸಂಬಂಧವೇ ಇರುವುದಿಲ್ಲ. ಬಿಡಿಭಾಗ ಬದಲಿಸುವ ಮೊದಲು, ಯಂತ್ರ ತಾನಾಗಿಯೇ ಕೊಡುವ ಸಾಕ್ಷ್ಯವನ್ನು ಕೂಡಿಸಿಕೊಂಡವರಿಗೇ ನಿಜವಾದ ರೋಗ ಸಿಗುತ್ತದೆ ಎಂಬುದು ನನ್ನ ವಾದ.

ಆ ಸಾಕ್ಷ್ಯ ಕಡಿಮೆಯೇನಿಲ್ಲ. ಕೇಬಲ್ ಕಿತ್ತಾಗ ಮಾನಿಟರ್ ‘ಸಿಗ್ನಲ್ ಇಲ್ಲ’ ಎಂಬ ಸಂದೇಶ ತೋರಿಸಿದರೆ ಅದರ ಪಿಕ್ಚರ್ ಟ್ಯೂಬ್ ಬದುಕಿದೆ ಎಂದಾಯಿತು. ಕೀಬೋರ್ಡಿನ ನಮ್ ಲಾಕ್ ಒತ್ತಿದಾಗ ದೀಪ ಹತ್ತಿ ಆರಿದರೆ ಪ್ರೊಸೆಸರ್ ಕೆಲಸ ಮಾಡುತ್ತಿದೆ, ಚಿತ್ರ ಮಾತ್ರ ಹೊರಬರುತ್ತಿಲ್ಲ. ಯಂತ್ರ ಚಾಲೂ ಆದೊಡನೆ ಬಯಾಸ್ ಎಂಬ ಆರಂಭಿಕ ತಂತ್ರಾಂಶ ಮುಖ್ಯ ಭಾಗಗಳನ್ನು ಪರೀಕ್ಷಿಸುತ್ತದೆ. ಪರದೆ ಇನ್ನೂ ಎಚ್ಚರಗೊಳ್ಳದ ಆ ಹೊತ್ತಿನಲ್ಲಿ ತಪ್ಪು ಕಂಡರೆ ಅದಕ್ಕಿರುವ ದಾರಿ ಬೀಪ್ ಒಂದೇ. ಅವಾರ್ಡ್ ಬಯಾಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ತೊಂದರೆ ಡಿಸ್‌ಪ್ಲೇ ಕಾರ್ಡಿನಲ್ಲಿ. ಎಎಂಐ ಬಯಾಸ್ ಅಂಥದ್ದನ್ನೇ ಎಂಟು ಗಿಡ್ಡ ಬೀಪಿನಿಂದ ತಿಳಿಸುತ್ತದೆ. ಹೀಗಾಗಿ ಮದರ್‌ಬೋರ್ಡಿನ ಮೇಲಿನ ಬಯಾಸ್ ಚಿಪ್ ಯಾವ ಕಂಪನಿಯದೆಂದು ಮೊದಲು ಓದಿಕೊಳ್ಳಬೇಕು. ಬೀಪ್ ಕೇಳಿಸದಿದ್ದರೂ ಕೆಲಸ ನಿಲ್ಲುವುದಿಲ್ಲ. ರ‍್ಯಾಮ್ ಪೂರ್ತಿ ತೆಗೆದು ಮತ್ತೆ ಚಾಲೂ ಮಾಡಿದಾಗ ಯಂತ್ರ ಬೀಪ್ ಮಾಡಿದರೆ ಪ್ರೊಸೆಸರ್ ಮತ್ತು ಬಯಾಸ್ ಎರಡೂ ಸರಿಯಿವೆ. ಆಗಲೂ ಮೌನವಾದರೆ ಸಂಶಯ ಪವರ್ ಸಪ್ಲೈ, ಪ್ರೊಸೆಸರ್, ಮದರ್‌ಬೋರ್ಡಿನ ಕಡೆ ತಿರುಗುತ್ತದೆ. ಸ್ಪೀಕರ್ ತಂತಿ ಕಳಚಿಲ್ಲವೆಂದು ಮಾತ್ರ ಮೊದಲೇ ನೋಡಿಕೊಂಡಿರಬೇಕು. ಒಂದು ಭಾಗವನ್ನೂ ಕೊಳ್ಳದೆ ನಡೆಯುವ ಈ ಪರೀಕ್ಷೆ ನನಗೆ ಈ ವಿದ್ಯೆಯ ಅತ್ಯಂತ ಸುಂದರ ಹೆಜ್ಜೆಯಾಗಿ ಕಾಣುತ್ತದೆ.

ರ‍್ಯಾಮ್ ತೆಗೆದು ರಬ್ಬರಿನಿಂದ ಉಜ್ಜಿ ಹಾಕಿದರೆ ಸಾಕು, ಇಷ್ಟೆಲ್ಲ ಏಕೆ ಎಂದು ಕೆಲವರು ಕೇಳಬಹುದು. ಎರೆಮಣ್ಣಿನ ಧೂಳು ಕೂತ ಸ್ಲಾಟಿಗೆ ಆ ಉಪಾಯ ಎಷ್ಟೋ ಸಲ ಫಲ ಕೊಡುತ್ತದೆ, ಅಲ್ಲಗಳೆಯಲಾಗದು. ಆದರೆ ಒಂದೇ ಸಲಕ್ಕೆ ರ‍್ಯಾಮ್ ಉಜ್ಜಿ, ಕಾರ್ಡ್ ಬದಲಿಸಿ, ಮದರ್‌ಬೋರ್ಡಿನ ಸೆಲ್ಲನ್ನೂ ಹೊಸದು ಹಾಕಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ, ವಾರದ ಮೇಲೆ ಅದೇ ಕಪ್ಪು ಪರದೆ ಮರಳಬಹುದು. ಏಕೆಂದರೆ ರೋಗದ ಮೂಲ ಬೇರೆಡೆ ಇರಬಹುದು: 2000ರ ಆಸುಪಾಸಿನ ಅನೇಕ ಮದರ್‌ಬೋರ್ಡುಗಳಲ್ಲಿ ಕಳಪೆ ದ್ರಾವಣ ತುಂಬಿದ ಕೆಪಾಸಿಟರುಗಳಿದ್ದವು. ಅವು ತಲೆ ಉಬ್ಬಿ, ಕಂದು ಕೊಳೆ ಕಾರಿ ಸಾಯುತ್ತವೆ. ಒಳಗಿನ ಶಾಖ 10 ಡಿಗ್ರಿ ಏರಿದರೆ ಕೆಪಾಸಿಟರಿನ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ನಮ್ಮ ಕಡೆಯ ಏಪ್ರಿಲ್–ಮೇ ಬಿಸಿಲಲ್ಲಿ ತಗಡಿನ ಸೂರಿನ ಅಂಗಡಿಯೊಳಗೆ ದುಡಿದ ಯಂತ್ರದ ಪಾಡು ಊಹಿಸಬಹುದು. ಮಲ್ಟಿಮೀಟರಿನಲ್ಲಿ 5 ವೋಲ್ಟಿನ ತಂತಿ 4.75ರಿಂದ 5.25ರೊಳಗೆ ತೋರಿಸಿದ ಮಾತ್ರಕ್ಕೆ ಪವರ್ ಸಪ್ಲೈ ನಿರ್ದೋಷಿ ಅಲ್ಲ. ಮೀಟರ್ ಸರಾಸರಿಯನ್ನಷ್ಟೇ ಹೇಳುತ್ತದೆ, ಒಣಗಿದ ಕೆಪಾಸಿಟರು ಬಿಡುವ ಏರಿಳಿತ ಅದರ ಕಣ್ಣಿಗೆ ಬೀಳುವುದಿಲ್ಲ. ಮಾನಿಟರನ್ನು ಬಿಚ್ಚುವುದು ಮಾತ್ರ ಬೇರೆಯೇ ಮಾತು. ಬಣ್ಣದ ಟ್ಯೂಬಿನ ಆನೋಡಿನಲ್ಲಿ 20,000 ವೋಲ್ಟಿಗೂ ಮೀರಿದ ವಿದ್ಯುತ್ತು ಇರುತ್ತದೆ, ಸ್ವಿಚ್ ತೆಗೆದ ಮೇಲೂ ಉಳಿದಿರಬಹುದು. ಡಿಸ್‌ಚಾರ್ಜ್ ಮಾಡಲು ಕಲಿಯದವರು ಮುಟ್ಟಲೇಬಾರದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಹಾರ್ಡ್‌ಡಿಸ್ಕ್ ಬಿಚ್ಚಿ ಹೊಸ ಯಂತ್ರಕ್ಕೆ ಹಾಕಿದರೆ ಮುಗಿಯಿತಲ್ಲ? ಫೈಲಿನ ಪ್ರತಿ ತೆಗೆಯಲು ಅದೇ ಸರಿಯಾದ ಮೊದಲ ಹೆಜ್ಜೆ. ಆದರೆ ಪ್ರತಿ ಸಿಕ್ಕ ಮಾತ್ರಕ್ಕೆ ಪುಟ ಸಿಗುವುದಿಲ್ಲ. ಯೂನಿಕೋಡ್ ರೂಢಿಗೆ ಬರುವ ಮೊದಲಿನ ಕನ್ನಡ ಫೈಲುಗಳು ಆಯಾ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆದುಕೊಳ್ಳುತ್ತವೆ. ಪುಟವಿನ್ಯಾಸದ ತಂತ್ರಾಂಶ ಪೇಜ್‌ಮೇಕರ್ 2001ರ 7.0 ಆವೃತ್ತಿಗೇ ನಿಂತುಹೋಯಿತು. ಕೆಲವು ಕನ್ನಡ ತಂತ್ರಾಂಶಗಳಂತೂ ಹಾರ್ಡ್‌ವೇರ್ ಲಾಕ್ ಚುಚ್ಚದೆ ತೆರೆಯುತ್ತಿರಲಿಲ್ಲ, ಆ ಲಾಕಿಗೆ ಬೇಕಾದ ಪೋರ್ಟು ಇಂದಿನ ಲ್ಯಾಪ್‌ಟಾಪಿನಲ್ಲಿಲ್ಲ. ಊರಿನ ಒಂದು ಸ್ಮರಣ ಸಂಚಿಕೆ ಮುದ್ರಣಗೊಂಡ ರೂಪದಲ್ಲೇ ಮತ್ತೆ ಬೇಕೆಂದರೆ ಹಳೆಯ ಯಂತ್ರವೇ ಏಳಬೇಕು. ಎದ್ದ ಕೂಡಲೇ ಖುಷಿಯಲ್ಲಿ ಆರಿಸಿ ನೋಡುವ ಆಸೆ ಬೇಡ: ಸೊರಗಿದ ಕೆಪಾಸಿಟರಿನ ಬೋರ್ಡು ಬಿಸಿಯಿದ್ದಾಗ ನಡೆದು, ತಣ್ಣಗಾದ ಮೇಲೆ ಮತ್ತೆ ಹಟ ಹಿಡಿಯುವುದುಂಟು. ಪುಟಗಳನ್ನು ಪಿಡಿಎಫ್ ಮಾಡಿ, ಪಠ್ಯವನ್ನು ಯೂನಿಕೋಡಿಗೆ ಬದಲಿಸಿ, ಎರಡು ಕಡೆ ಉಳಿಸಿದ ಮೇಲಷ್ಟೇ ಸ್ವಿಚ್ ತೆಗೆಯಬೇಕು.